ಕಾಮ್ರೇಡ್ ದಾಜು ಹಣೆ ಒಡ್ಡಿದ ದಿನ

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಮಸ್ಕತ್ತಿಗೆ ನಿಮ್ಮ ಮನೆಗೆ ಬಂದೆನಲ್ಲ, ಆ ವರ್ಷದ ದಸರೆಯಲ್ಲಿ ನಡೆದದ್ದು ಇದು. ಪ್ರಣತಿ, ನಿನಗೆ ಸ್ವಲ್ಪ ನೆನಪಿರಬಹುದು. ಋತ್ವಿಕ್, ನೀನು ಇನ್ನೂ ತೊಡೆಯ ಮೇಲಿನ ಕೂಸು. ನಾನು ಹಳ್ಳಿ ಶಾಲೆಯಲ್ಲಿ ಏಳನೆಯ ಇಯತ್ತೆ ಓದಿದವಳು. ನಾಲ್ಕು ಜನರ ಮುಂದೆ ಬಾಯಿ ತೆರೆಯಲು ಇಂದಿಗೂ ಅಂಜಿಕೆ. ಅದಕ್ಕೇ ಬರೆದಿಡುತ್ತಿದ್ದೇನೆ. ಅಕ್ಷರ ಕೂಡಿಸಿ ಕೂಡಿಸಿ ಓದಿ, ತಡವಾದರೂ ಅಡ್ಡಿಯಿಲ್ಲ.

ಮಸ್ಕತ್ತಿನ ಹಮ್ರಿಯಾ ಬಡಾವಣೆಯ ನಮ್ಮ ಕಟ್ಟಡದಲ್ಲಿ ಎದುರು ಬಾಗಿಲಿನ ಮನೆ ಮಾಯಾಳದು. ನೇಪಾಳದ ಹುಡುಗಿ, ಆಸ್ಪತ್ರೆಯಲ್ಲಿ ನರ್ಸ್. ಅವಳ ತಂದೆ ಬರುತ್ತಾರೆ, ಕಮ್ಯುನಿಸ್ಟ್ ಪಕ್ಷದ ಹಳೆಯ ನಾಯಕರು, ಒಂದು ಕಾಲಕ್ಕೆ ಮಂತ್ರಿಯಾಗಿದ್ದವರು ಎಂದು ನಿಮ್ಮ ಅವ್ವ ಹೇಳಿದಾಗ ನಾನು ದೊಡ್ಡ ಕಾರು, ಹಾರ ತುರಾಯಿ ಎಲ್ಲ ಕಲ್ಪಿಸಿಕೊಂಡಿದ್ದೆ. ಮರುದಿನ ಮಾಳಿಗೆಯ ಮೇಲೆ ಬಟ್ಟೆ ಒಣಹಾಕಲು ಹೋದರೆ, ಎಂಬತ್ತರ ಹತ್ತಿರದ ಒಬ್ಬ ಮುದುಕರು ಬನಿಯನ್ ಹಿಂಡುತ್ತ ನಿಂತಿದ್ದರು. ಅವರೇ ಆ ಮಂತ್ರಿ.

"ನನ್ನ ಬಟ್ಟೆ ನಾನೇ ಒಗೆಯುತ್ತೇನೆ. ಜೈಲು ಕಲಿಸಿದ ಪಾಠಗಳಲ್ಲಿ ಇದೊಂದೇ ಉಪಯೋಗಕ್ಕೆ ಬಂದದ್ದು" ಎಂದು ನಕ್ಕರು.

ನಾನು ಸೆರಗು ಎಳೆದುಕೊಂಡು ಓಡಿ ಬಂದೆ.

ಅವರು ಬಿಡಲಿಲ್ಲ. ಎಲ್ಲಿ ಕಂಡರೂ ಮಾತಾಡಿಸುತ್ತಿದ್ದರು. ನನ್ನನ್ನು 'ಬಹಿನಿ' ಎನ್ನುತ್ತಿದ್ದರು. ಅವರ ಭಾಷೆಯಲ್ಲಿ ತಂಗಿ ಎಂದರ್ಥ. ಅಣ್ಣನಿಗೆ 'ದಾಜು' ಎನ್ನಬೇಕೆಂದು ಅವರೇ ಕಲಿಸಿಕೊಟ್ಟರು. ನಮ್ಮ ಮಾತೆಲ್ಲ ಹಿಂದಿಯಲ್ಲಿ. ಅವರದು ಬನಾರಸದಲ್ಲಿ ತಲೆಮರೆಸಿಕೊಂಡಿದ್ದಾಗ ಕಲಿತ ಹಿಂದಿ, ನನ್ನದು ಟೀವಿ ಧಾರಾವಾಹಿ ನೋಡಿ ಕಲಿತದ್ದು. "ಅವ್ವಾ, ನಿನ್ನ ಹಿಂದಿ ಕೇಳಿ ಹಿಂದಿನೂ ಅಂಜಿ ಓಡಿ ಹೋಗ್ತೈತಿ" ಎಂದು ನಿಮ್ಮ ಅವ್ವ ನಗುತ್ತಿದ್ದಳು. ಆದ್ದರಿಂದ ನನ್ನ ಮಾತನ್ನು ಇಲ್ಲಿ ನಮ್ಮೂರ ಕನ್ನಡದಲ್ಲೇ ಬರೆಯುತ್ತೇನೆ.

ಬೆಳಿಗ್ಗೆ ಬಿಸಿಲು ಏರುವ ಮೊದಲು ಪಾರ್ಕಿನವರೆಗೆ ನಡೆಯಲು ಹೋಗುತ್ತಿದ್ದೆವು. ಅವರು ಮುಂದೆ, ನಾನು ಬಹಳ ಹಿಂದೆ. ಒಂದು ದಿನ ತಿರುಗಿ ನಿಂತು, "ಬಹಿನಿ, ಮೆರವಣಿಗೆಯಲ್ಲಿ ಹಿಂದೆ ಉಳಿದವರನ್ನೇ ಪೋಲೀಸರು ಮೊದಲು ಹಿಡಿಯುವುದು. ಮುಂದೆ ಬಾ" ಎಂದರು. ಅಂದಿನಿಂದ ಪಕ್ಕದಲ್ಲಿ ನಡೆದೆ.

ಹಾಗೆ ನಡೆಯುತ್ತಲೇ ಅವರ ಬದುಕು ನನಗೆ ತುಂಡು ತುಂಡಾಗಿ ತಿಳಿಯಿತು. ಗುಡ್ಡಗಾಡಿನ ಶಾಲೆಯೊಂದರಲ್ಲಿ ಮಾಸ್ತರರಾಗಿದ್ದರಂತೆ. ಪಕ್ಷ ಕಟ್ಟುವುದೇ ಅಪರಾಧವಾಗಿದ್ದ ಕಾಲದಲ್ಲಿ ಪಕ್ಷ ಸೇರಿ ಊರು ಬಿಟ್ಟರು. ಒಂದೊಂದು ಊರಿನಲ್ಲಿ ಒಂದೊಂದು ಹೆಸರು. ಒಂದು ಕಡೆ ಉಪ್ಪಿನ ಮೂಟೆ ಹೊತ್ತರು, ಇನ್ನೊಂದು ಕಡೆ ಗೋಡೆ ಕಟ್ಟಿದರು. ಮಾಯಾ ಹುಟ್ಟಿದಾಗ ಜೈಲಿನಲ್ಲಿದ್ದರು. ಮುಂದೆ ಚುನಾವಣೆ ಬಂತು, ಗೆದ್ದರು, ಸ್ವಲ್ಪ ಕಾಲ ಮಂತ್ರಿಯೂ ಆದರು. ಆಮೇಲೆ ಪಕ್ಷ ಒಡೆಯಿತು. ಒಡೆದ ಚೂರು ಮತ್ತೆ ಒಡೆಯಿತು. ಇವರು ಚಿಕ್ಕ ಚೂರಿನಲ್ಲೇ ಉಳಿದರು. ಕಡೆಯ ಎರಡು ಚುನಾವಣೆಯಲ್ಲಿ ಸೋತಿದ್ದರು.

"ಮತ್ತ ನಿಲ್ತೀರೇನು?" ಎಂದು ಕೇಳಿದೆ.

"ನಿಲ್ಲದೆ? ಕೂತರೆ ಮೊಣಕಾಲು ಹಿಡಿದುಕೊಳ್ಳುತ್ತದೆ."

ಭೂಗತರಾಗಿದ್ದಾಗಿನ ಒಂದು ಅಭ್ಯಾಸ ಅವರಿಗೆ ಉಳಿದುಬಿಟ್ಟಿತ್ತು. ಯಾವ ಮನೆಗೆ ಹೋದರೂ ಬಾಗಿಲಿಗೆ ಮುಖ ಮಾಡಿಯೇ ಕೂಡುತ್ತಿದ್ದರು. ಬಾಗಿಲಿಗೆ ಬೆನ್ನು ಕೊಟ್ಟು ಕೂತದ್ದನ್ನು ತಾನು ಹುಟ್ಟಿದಾಗಿನಿಂದ ಕಂಡಿಲ್ಲ ಎಂದು ಮಾಯಾ ಹೇಳಿದ್ದಳು.

ನವರಾತ್ರಿ ಬಂತು. ನೇಪಾಳದವರಿಗೂ ಅದೇ ದೊಡ್ಡ ಹಬ್ಬ. ನಾವು ಘಟ ಹಾಕುವಾಗ ಮಣ್ಣಿನಲ್ಲಿ ಕಾಳು ಬಿತ್ತಿ ಸಸಿ ಏಳಿಸುತ್ತೇವಲ್ಲ, ಹಾಗೆಯೇ ಅವರು ಜವೆಗೋಧಿ ಬಿತ್ತಿ ಕತ್ತಲಲ್ಲಿಟ್ಟು ಹಳದಿ ಸಸಿ ಬೆಳೆಸುತ್ತಾರೆ. ಅದಕ್ಕೆ 'ಜಮರಾ' ಎನ್ನುತ್ತಾರೆ. ದಶಮಿಯಿಂದ ಹುಣ್ಣಿಮೆಯವರೆಗೆ ಮನೆಯ ಹಿರಿಯರು ಕಿರಿಯರ ಹಣೆಗೆ ಟೀಕಾ ಹಚ್ಚಿ, ತಲೆಗೆ ಆ ಸಸಿ ಮುಡಿಸಿ ಹರಸುತ್ತಾರೆ. ಟೀಕಾ ಎಂದರೆ ಮೊಸರು, ಅಕ್ಕಿ, ಕೆಂಪು ಪುಡಿ ಕಲಸಿದ್ದು.

ಮಾಯಾ ರೂವಿಯ ಅಂಗಡಿಯಿಂದ ಜವೆಗೋಧಿ ತಂದು ಐಸ್‌ಕ್ರೀಮ್ ಡಬ್ಬಿಯಲ್ಲಿ ಬಿತ್ತಿದಳು. ಆ ವಾರ ಅವಳಿಗೆ ಎರಡೆರಡು ಪಾಳಿ. "ಆಂಟಿ, ದಿನಾ ಸ್ವಲ್ಪ ನೀರು ಚಿಮುಕಿಸುತ್ತೀರಾ?" ಎಂದು ಕೇಳಿದಳು.

ನಾನು ಕ್ಷಣ ತಡೆದೆ. ನಿಮ್ಮ ಅಜ್ಜ ಹೋದ ಮೇಲೆ ಶುಭದ ಯಾವ ಕೆಲಸಕ್ಕೂ ನಾನು ಕೈ ಹಾಕಿರಲಿಲ್ಲ. ಊರಲ್ಲಿ ನನ್ನ ಮೈದುನನ ಮಗನ ಮದುವೆಯಲ್ಲಿ ಆರತಿಗೆಂದು ಎದ್ದವಳನ್ನು ನಮ್ಮ ನೆಗೆಣ್ಣಿ ಮೆಲ್ಲಗೆ ಭುಜ ಹಿಡಿದು, "ಅಕ್ಕಾ, ನೀ ಅಲ್ಲೇ ಕುಂಡ್ರು, ಊಟದ ಕಡೆ ನೋಡ್ಕೋ" ಎಂದಿದ್ದಳು. ಬೈದಿದ್ದರೆ ಮರೆಯುತ್ತಿದ್ದೆನೇನೋ. ಮೆತ್ತಗೆ ಹೇಳಿದಳು, ಮರೆಯಲಾಗಲಿಲ್ಲ. ಪ್ರಣತಿ, ನಿನ್ನ ಹುಟ್ಟುಹಬ್ಬಕ್ಕೆ ನೀನು "ಅಜ್ಜಿ, ಯು ಡೂ ದಿ ಆರತಿ" ಎಂದಾಗ ನಾನು ಅಡುಗೆಮನೆಗೆ ಹೋಗಿಬಿಟ್ಟೆನಲ್ಲ, ಅದಕ್ಕೆ ಕಾರಣ ಇದು. ನನ್ನ ಕೈಯಿಂದ ನಿನಗೆ ಕೇಡಾಗಬಾರದು ಎಂಬ ಭಯ.

ನೀರು ಹಾಕಿದರೆ ಏನಾದೀತು, ಸಸಿ ತಾನೇ ಎಂದು ಒಪ್ಪಿಕೊಂಡೆ. ದಿನಾ ಅವರ ಮನೆಗೆ ಹೋಗಿ ಕಪಾಟು ತೆರೆದು ನೀರು ಚಿಮುಕಿಸುತ್ತಿದ್ದೆ. ದಾಜು ಪೇಪರ್ ಓದುತ್ತ ಕೂತಿರುತ್ತಿದ್ದರು. ಆ ಹೊತ್ತಿನಲ್ಲಿ ಮಾತ್ರ ಮಾತಾಡುತ್ತಿರಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದರು.

ಮಾಯಾ ನನಗೆ ಗುಟ್ಟಾಗಿ ಹೇಳಿದ್ದಳು: "ನಮ್ಮ ತಂದೆ ಟೀಕಾ ಹಚ್ಚುವುದಿಲ್ಲ, ಹಚ್ಚಿಸಿಕೊಳ್ಳುವುದೂ ಇಲ್ಲ. ನನ್ನ ಅಜ್ಜಿ, ಅವರ ತಾಯಿ, ಸಾಯುವಾಗ ಕೇಳಿಕೊಂಡರೂ ಹಣೆ ಒಡ್ಡಲಿಲ್ಲ. ಪಕ್ಷ ಎಷ್ಟು ಸಲ ಒಡೆದರೂ ಈ ಹಟ ಮಾತ್ರ ಒಡೆಯಲಿಲ್ಲ."

ದಶಮಿ ವಾರದ ನಡುವೆ ಬಂದಿತ್ತು. ಆದ್ದರಿಂದ ರಜೆಯ ಶುಕ್ರವಾರ ಅವರ ಜಿಲ್ಲೆಯ ಹುಡುಗರು ಮಾಯಾಳ ಮನೆಗೆ ಬಂದರು. ಕಟ್ಟಡ ಕೆಲಸದವರು, ಹೋಟೆಲಿನವರು, ಒಬ್ಬಿಬ್ಬರು ದೂರದ ಸೊಹಾರ್ ಊರಿನಿಂದ. ಎಲ್ಲರೂ ತೊಳೆದ ಅಂಗಿ ತೊಟ್ಟು, ತಲೆಗೆ ತಮ್ಮೂರ ಟೋಪಿ ಇಟ್ಟಿದ್ದರು. ನಾನು ಶೇಂಗಾ ಉಂಡಿ ಕಟ್ಟಿಕೊಂಡು ನಿಮ್ಮ ಅವ್ವನ ಜೊತೆ ಹೋದೆ. ಪ್ರಣತಿ, ನೀನೂ ನನ್ನ ಸೆರಗು ಹಿಡಿದು ಬಂದಿದ್ದೆ. ನಾವು ಅಡುಗೆಮನೆಯ ಬಾಗಿಲಲ್ಲಿ ನಿಂತೆವು. ನಮಗೂ ತಿಳಿಯಲೆಂದು ಎಲ್ಲರೂ ಹಿಂದಿಯಲ್ಲೇ ಮಾತಾಡುತ್ತಿದ್ದರು.

ಊಟದ ನಡುವೆ ದಿಲ್ ಎಂಬ ಹುಡುಗ ಕುಟುಕಿದ. "ಕಾಮ್ರೇಡ್, ನೀವು ಮಂತ್ರಿಯಾದಾಗ ನಮ್ಮೂರಿಗೆ ಕಾರ್ಖಾನೆ ತರ್ತೀನಿ ಅಂದಿದ್ರಿ. ಕಾರ್ಖಾನೆ ಬರಲಿಲ್ಲ, ನಾವೇ ಕಾರ್ಖಾನೆ ಹುಡುಕಿಕೊಂಡು ಬಂದ್ವಿ ನೋಡಿ."

ಎಲ್ಲರೂ ನಕ್ಕರು. ದಾಜು ನಗಲಿಲ್ಲ. "ಹೌದು, ಅಂದಿದ್ದೆ. ಮಾಡಲಾಗಲಿಲ್ಲ. ಅದಕ್ಕೇ ಮತ್ತೆ ನಿಲ್ಲುತ್ತೇನೆ. ಮುಗಿಸದ ಕೆಲಸ ಬಿಟ್ಟು ಸಾಯುವುದಕ್ಕೆ ನನಗೆ ಮನಸ್ಸಿಲ್ಲ" ಎಂದರು.

ಊಟವಾದ ಮೇಲೆ ಮಾಯಾ ಟೀಕಾದ ತಟ್ಟೆ ತಂದಿಟ್ಟಳು. ಅವರಲ್ಲಿ ಹಿರಿಯನಾದ ಗಣೇಶ್ ಕೈಮುಗಿದ. "ಕಾಮ್ರೇಡ್, ಇಲ್ಲಿ ನಮಗೆ ಹಿರಿಯರು ಯಾರೂ ಇಲ್ಲ. ನಮ್ಮ ತಾಯಿ ವಿಡಿಯೋ ಕಾಲ್ ಮಾಡಿ, ಫೋನಿನ ಗಾಜಿಗೇ ಟೀಕಾ ಹಚ್ಚುತ್ತಾಳೆ. ಮೊಸರು ಇಳಿದು ನನ್ನ ಮುಖ ಅವಳಿಗೆ ಕಾಣೋದೇ ಇಲ್ಲ. ಭಾಷಣ ಬೇಡ, ಈ ಸಲ ನೀವು ಟೀಕಾ ಹಚ್ಚಿ."

ದಾಜು ತಲೆ ಅಲ್ಲಾಡಿಸಿದರು. "ಬೇರೆ ಏನು ಬೇಕಾದರೂ ಕೇಳು ಗಣೇಶ್. ಇದೊಂದು ಬೇಡ."

ಹುಡುಗರ ಮುಖ ಇಳಿಯಿತು. ದಿಲ್ ಎದ್ದೇ ಬಿಟ್ಟ. ಆಗ ದಾಜು ಅವನನ್ನು ಕೂರಿಸಿ ಒಂದು ಮಾತು ಹೇಳಿದರು. ಅದು ಮಾಯಾಳಿಗೂ ಗೊತ್ತಿರಲಿಲ್ಲವಂತೆ.

"ನನಗೆ ಒಬ್ಬಳು ಅಕ್ಕ ಇದ್ದಳು. ಇನ್ನೂ ಹುಡುಗಿ ಇದ್ದಾಗಲೇ ಗಂಡ ಸತ್ತು ಮನೆಗೆ ಬಂದಳು. ನಮ್ಮ ಮನೆಯ ಜಮರಾಗೆ ದಿನಾ ನೀರು ಹಾಕಿದವಳು ಅವಳು. ಟೀಕಾದ ದಿನ ಅವಳೂ ಪ್ರೀತಿಯಿಂದ ನನ್ನ ಹಣೆ ಮುಟ್ಟಲು ಬಂದಳು. ವಿಧವೆಯ ಕೈ ಎಂದು ದೊಡ್ಡವರು ದನದ ಕೊಟ್ಟಿಗೆಗೆ ಕಳಿಸಿದರು. ಆಕೆ ಹಚ್ಚದ ಟೀಕಾ ನನಗೂ ಬೇಡ ಎಂದು ಅವತ್ತೇ ಎದ್ದೆ. ಪುಸ್ತಕ, ಪಕ್ಷ, ಜೈಲು ಎಲ್ಲ ಆಮೇಲೆ ಬಂದದ್ದು."

ದಾಜು ಅಡುಗೆಮನೆಯ ಕಡೆ ತಿರುಗಿದರು. "ಬಹಿನಿ, ಇಲ್ಲಿ ಬಾ. ಈ ಹುಡುಗರಿಗೆ ಹಿರಿಯರು ಬೇಕಂತೆ. ನೀನು ಹಚ್ಚು."

ನಾನು ಬಾಗಿಲಿಂದ ಒಳಕ್ಕೆ ಸರಿದೆ. "ಬ್ಯಾಡ್ರಿ ದಾಜು. ನಾ ಮುಟ್ಟಬಾರ್ದು. ಪರದೇಶದಾಗ ಎತ್ತರದ ಕಟ್ಟಡ ಹತ್ತಿ ದುಡಿಯೋ ಮಕ್ಕಳು ಅವ್ರು. ನಾಳೆ ಯಾರಿಗರ ಏನರ ಆದ್ರ?"

"ಆದರೆ ನಿನ್ನ ಕೈಯಿಂದ ಆಯಿತು ಎನ್ನುತ್ತೀಯಾ?"

"ನಾ ಅನ್ನಲಿಲ್ಲಂದ್ರೂ ನನ್ನ ಮನಸ್ಸು ಅಂತೈತ್ರಿ."

ಅವರು ಎದ್ದು ಹೋಗಿ ಕಪಾಟಿನಿಂದ ಆ ಡಬ್ಬಿ ತಂದು ನನ್ನ ಮುಂದೆ ಹಿಡಿದರು. ಸಸಿ ಗೇಣುದ್ದ ಬೆಳೆದು ಬಂಗಾರದ ಬಣ್ಣಕ್ಕೆ ಬಂದಿತ್ತು. ಒಂದೂ ಬಾಡಿರಲಿಲ್ಲ. "ಇದಕ್ಕೆ ನೀರು ಹಾಕಿದ ಕೈ ಯಾವುದು? ನಿನ್ನದೇ ತಾನೇ? ಎಲ್ಲಿ ಕೆಟ್ಟಿದೆ ತೋರಿಸು."

ನಾನು ಸಸಿಯನ್ನೇ ನೋಡಿದೆ. ನಿಮ್ಮ ಅವ್ವ ಬೆನ್ನ ಹಿಂದೆ ಮೆಲ್ಲಗೆ, "ಅವ್ವಾ, ನಿನಗ ಬ್ಯಾಡಂದ್ರ ಬ್ಯಾಡ. ಯಾರೂ ಒತ್ತಾಯ ಮಾಡಂಗಿಲ್ಲ" ಎಂದಳು. ಪ್ರಣತಿ, ನೀನು ಮಾತ್ರ, "ಅಜ್ಜಿ, ವೈ ಆರ್ ಯು ಸ್ಕೇರ್ಡ್?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದೆ.

ಆ ಧೈರ್ಯ ಎಲ್ಲಿಂದ ಬಂತೋ, ಇಂದಿಗೂ ತಿಳಿಯದು. ನಾನು ದಾಜುವಿನ ಕಣ್ಣಿಗೆ ಕಣ್ಣಿಟ್ಟು ಹೇಳಿದೆ. ಅರ್ಧ ಹಿಂದಿ, ಅರ್ಧ ಕನ್ನಡ. ಯಾರೂ ಅರ್ಥ ಕೇಳಲಿಲ್ಲ.

"ಹಂಗಾರ ಮೊದಲ ನೀವು ಕುಂಡ್ರಿ. ನನಗ ಹಚ್ಚು ಅಂತ ಹೇಳಾಕ ಬಂದೀರಿ, ಹಚ್ಚಿಸಿಕೊಳ್ಳಾಕ ತಯಾರದೀರೇನು? ನಿಮ್ಮ ಅಕ್ಕನ ಕೈಯೂ ನನ್ನಂಥಾದ್ದ ಇತ್ತು."

ಹುಡುಗರು ಹೋ ಎಂದು ಕೂಗಿದರು. "ಕಾಮ್ರೇಡ್ ಸಿಕ್ಕಿಬಿದ್ದರು!"

ದಾಜು ಕೈಯಲ್ಲಿದ್ದ ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟರು. ದಿಲ್ ಆಗಲೇ ಫೋನ್ ಎತ್ತಿ ಹಿಡಿದಿದ್ದ. "ಫೋಟೋ ಬೇಡ ಮಾರಾಯ, ಊರಲ್ಲಿ ವಿರೋಧಿಗಳ ಕೈಗೆ ಸಿಕ್ಕರೆ ಚುನಾವಣೆಯಲ್ಲಿ ಇದನ್ನೇ ತೋರಿಸ್ತಾರೆ" ಎಂದು ಗಣೇಶ್ ತಡೆದ.

"ತೆಗೆಯಲಿ" ಎಂದರು ದಾಜು. "ವಿಧವೆ ತಂಗಿಯ ಕೈಯಿಂದ ಹಚ್ಚಿಸಿಕೊಂಡ ಎಂದು ಕೆಳಗೆ ಬರೆದು ಕಳಿಸು. ಅದನ್ನು ಮಾತ್ರ ಬಿಡಬೇಡ."

ಹಾಗೆಂದು ಚಾಪೆಯ ಮೇಲೆ, ಸಿಕ್ಕಿದ ಜಾಗದಲ್ಲಿ ಕುಳಿತರು. ಬಾಗಿಲಿಗೆ ಬೆನ್ನು ಮಾಡಿ. ಟೋಪಿ ತೆಗೆದು ಹಣೆ ಒಡ್ಡಿದರು.

ನಾನು ಟೀಕಾ ಕೈಗೆ ತೆಗೆದುಕೊಂಡೆ. ಬೆರಳು ನಡುಗಿ ಅಕ್ಕಿ ಅವರ ಹುಬ್ಬಿನ ಮೇಲೆಲ್ಲ ಉದುರಿತು. ಮತ್ತೆ ತೆಗೆದು ಒತ್ತಿದೆ. ಈ ಸಲ ನಿಂತಿತು. ಅವರು ಕಣ್ಣು ಮುಚ್ಚಿ 'ದಿದೀ' ಎಂದರು. ಅಕ್ಕನನ್ನು ಅವರು ಹಾಗೆ ಕರೆಯುತ್ತಿದ್ದರಂತೆ.

ಹರಸುವ ಮಂತ್ರ ನನಗೆ ಬಾರದು. ಆದರೆ ಸೆರಗಿನ ಗಂಟಿನಲ್ಲಿ ಬನ್ನಿ ಎಲೆ ಇತ್ತು. ಇಲ್ಲಿಯವರು ಗಾಫ್ ಎನ್ನುವ ಮರ ಇದೆಯಲ್ಲ, ಅದು ನಮ್ಮ ಬನ್ನಿಮರವೇ. ಪಾರ್ಕಿನಲ್ಲಿ ಅದರಡಿ ಬಿದ್ದಿದ್ದ ಎಲೆ ಆರಿಸಿ ತಂದು, ದಶಮಿಯ ದಿನ ಯಾರಿಗೂ ಕೊಡಲು ಮನಸ್ಸು ಬಾರದೆ ಹಾಗೇ ಇಟ್ಟುಕೊಂಡಿದ್ದೆ. ಜಮರಾ ಮುಡಿಸಿ, ಬನ್ನಿ ಎಲೆ ಅಂಗೈಗೆ ಇಟ್ಟು, "ಬಂಗಾರ ತಗೊಂಡು ಬಂಗಾರದಂಗ ಇರ್ರಿ" ಎಂದೆ.

ಆಮೇಲೆ ಹುಡುಗರು ಒಬ್ಬೊಬ್ಬರಾಗಿ ಬಂದು ಕೂತರು. ಒಬ್ಬೊಬ್ಬರಿಗೂ ಟೀಕಾ, ಸಸಿ, ಬನ್ನಿ ಎಲೆ, ಒಂದು ಶೇಂಗಾ ಉಂಡಿ. ಗಣೇಶ್ ಫೋನ್ ಹಚ್ಚಿ ತಾಯಿಗೆ ತನ್ನ ಹಣೆ ತೋರಿಸಿದ. ಆ ಕಡೆಯಿಂದ ಒಬ್ಬ ಮುದುಕಿ ನನ್ನನ್ನು ನೋಡಿ ಏನೋ ಹೇಳಿ ಕಣ್ಣೊರೆಸಿಕೊಂಡಳು. ಮಾಯಾ ಅರ್ಥ ಹೇಳಿದಳು: "ಗಾಜು ಒರೆಸುವ ಕೆಲಸ ತಪ್ಪಿಸಿದಿಯಲ್ಲ, ನಿನ್ನ ಹೊಟ್ಟೆ ತಣ್ಣಗಿರಲಿ ಎನ್ನುತ್ತಿದ್ದಾಳೆ." ಕಡೆಗೆ ಬಂದವನು ದಿಲ್. ಬಗ್ಗಿ ನನ್ನ ಕಾಲು ಮುಟ್ಟಿದ, ಇನ್ನೊಂದು ಉಂಡಿ ಬೇಕೆಂದು ಕೈಯನ್ನೂ ಒಡ್ಡಿದ.

ದಾಜು ಊರಿಗೆ ಹೋದರು. ಚುನಾವಣೆಗೆ ನಿಂತರು, ಸೋತರು. ಆ ಫೋಟೋ ಹಾಕಿ ವಿರೋಧಿಗಳು ಗೇಲಿ ಮಾಡಿದರಂತೆ. ಮಾಯಾಳ ಫೋನಿಗೆ ನನಗೊಂದು ಮಾತು ಕಳಿಸಿದ್ದರು. "ಬಹಿನಿ, ಸೋತೆ. ಆದರೆ ಈ ದಸರೆಗೆ ನಮ್ಮೂರಲ್ಲಿ ಮೂವರು ವಿಧವೆಯರು ಟೀಕಾ ಹಚ್ಚಿದರು. ಮೊದಲು ನನಗೆ ಹಚ್ಚಿದರು. ಮುಂದಿನ ಸಲವೂ ನಿಲ್ಲುತ್ತೇನೆ." ಅದನ್ನು ನಾನು ಎಷ್ಟೋ ಸಲ ಹಾಕಿಸಿಕೊಂಡು ಕೇಳಿದ್ದೇನೆ.

ಆ ಹುಡುಗರು ಪ್ರತಿ ವರ್ಷ ಬರುತ್ತಾರೆ. ಇಷ್ಟು ವರ್ಷವಾದರೂ ನನ್ನ ಕೈ ಈಗಲೂ ಮೊದಲ ಹಣೆಗೆ ಸ್ವಲ್ಪ ನಡುಗುತ್ತದೆ. ನಡುಗಲಿ, ನಾನು ಹಿಂದೆಗೆಯುವುದಿಲ್ಲ. ಪರೀಕ್ಷೆಗೆ ಹೊರಟಾಗ ನಿಮ್ಮ ಹಣೆಗೆ ಕುಂಕುಮ ಇಡುವುದು ನಾನೇ ಎಂದು ಹಟ ಹಿಡಿಯುತ್ತೇನಲ್ಲ, ಅದು ಯಾಕೆಂದು ನಿಮಗೆ ಈಗ ತಿಳಿಯಿತು.

ಮುಂದಿನ ತಿಂಗಳು ಊರಲ್ಲಿ ಮೈದುನನ ಮಗಳ ಮದುವೆ. ನಾವೆಲ್ಲ ಹೋಗುತ್ತಿದ್ದೇವೆ. ಆರತಿ ತಟ್ಟೆಯನ್ನು ನಾನು ಆಗಲೇ ಉಜ್ಜಿ ಚೀಲಕ್ಕೆ ಹಾಕಿದ್ದೇನೆ. ಅಲ್ಲಿ ಯಾರಾದರೂ ನನ್ನ ಭುಜ ಹಿಡಿದು "ನೀ ಅಲ್ಲೇ ಕುಂಡ್ರು" ಎಂದರೆ ನೀವಿಬ್ಬರೂ ಸಿಟ್ಟು ಮಾಡಬೇಡಿ, ಉತ್ತರ ಕೊಡಬೇಡಿ. ನಾನೇ ಕೊಡುತ್ತೇನೆ.