ಬಿಸಿಲಿಗೂ ಒಣಗದ ಗೋಡೆ

ನನ್ನ ಮೊಮ್ಮಗಳು ಇನ್ನು ಎಲ್ಲಿಗೂ ಹೋಗುವುದಿಲ್ಲ, ನಮ್ಮ ಹತ್ತಿರವೇ ಇರುತ್ತಾಳೆ! ಇವತ್ತು ಬೆಳಿಗ್ಗೆ ಮಣಿಪಾಲದ ಡಾಕ್ಟ್ರಮ್ಮ ಅವಳ ಎದೆಗೂ ಬೆನ್ನಿಗೂ ಕೊಳವೆ ಇಟ್ಟು ಕೇಳಿ, "ಉಸಿರು ಚೆಂದ ಉಂಟು. ಮನೆಯಲ್ಲೇ ಇರಲಿ" ಎಂದರು. ಹೊರಗೆ ಮಳೆ ಹೊಯ್ಯುತ್ತಿತ್ತು. ಅಂಥ ಮಳೆಯಲ್ಲಿ ಆ ಮಾತು ಕೇಳಿದ್ದೇ ನನಗೆ ಹಬ್ಬ. ಅಲೆವೂರಿಗೆ ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕ ಕೂತಿದ್ದ, ಗುರುತಿಲ್ಲದ ಹೆಂಗಸಿಗೂ ಹೇಳಿಬಿಟ್ಟೆ.

ಕಳೆದ ಮಳೆಗಾಲದಲ್ಲಿ ಹೀಗಿರಲಿಲ್ಲ. ಐದು ವರ್ಷದ ಮಗು, ನಮ್ಮ ಮನೆಯ ಕೋಣೆಯಲ್ಲಿ ಮಲಗಿದರೆ ಸಾಕು, ಕೆಮ್ಮು ಹಿಡಿದುಕೊಳ್ಳುತ್ತಿತ್ತು. ಎದೆಯೊಳಗೆ ಪೀಪಿ ಊದಿದ ಹಾಗೆ ಸದ್ದು. ಬಾಯಿಗೆ ಪಂಪು ಇಟ್ಟು ಔಷಧಿ ಎಳೆದುಕೊಂಡರೆ ಕಡಿಮೆ, ಮರುದಿನ ಮತ್ತೆ ಅದೇ. ಅವಳ ಮಂಚ ತಾಗಿದ್ದ ಗೋಡೆಯಲ್ಲಿ ಕಪ್ಪು ಬೂಷ್ಟು ಹಬ್ಬಿತ್ತು. ನಾವು ಯಾರೂ ಅದನ್ನು ದೊಡ್ಡದು ಮಾಡಿರಲಿಲ್ಲ. ಆಟಿ ತಿಂಗಳ ಜಡಿಮಳೆಯಲ್ಲಿ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು, ಬೆಲ್ಟಿಗೂ ಬೂಷ್ಟು. ಗೋಡೆಗೆ ಬಂದರೆ ಎಂತ ವಿಶೇಷ? ಚೌತಿಗೆ ಮೊದಲು ಒಂದು ಕೋಟು ಬಣ್ಣ ಬಳಿದರೆ ಮುಗಿಯಿತು.

"ಮಗು ಎಲ್ಲಿ ಮಲಗುವುದು?" ಎಂದು ಕೇಳಿದವರು ಡಾಕ್ಟ್ರಮ್ಮ. ಬೂಷ್ಟಿನಿಂದ ಕಣ್ಣಿಗೆ ಕಾಣದ ಹುಡಿ ಹಾರುತ್ತದಂತೆ. ಎಲ್ಲರಿಗೂ ತೊಂದರೆ ಆಗಬೇಕೆಂದಿಲ್ಲ, ಆದರೆ ಉಬ್ಬಸದ ಮಕ್ಕಳ ಎದೆ ಕಟ್ಟಿಸುತ್ತದೆ. ಬಣ್ಣ ಬಳಿದರೆ ಅಡಿಯಲ್ಲಿ ಅದು ಬೆಳೆಯುತ್ತಲೇ ಇರುತ್ತದೆ, ನೀರು ಎಲ್ಲಿಂದ ಬರುತ್ತದೆ ನೋಡಿ ಎಂದರು.

ಸೊಸೆ ಅಂದೇ ನಿರ್ಧಾರ ಮಾಡಿದಳು. "ಮಾಮಿ, ಇವಳನ್ನು ಕಾರ್ಕಳದಲ್ಲಿ ನನ್ನ ಅಮ್ಮನ ಹತ್ತಿರ ಬಿಡ್ತೇನೆ. ಅಲ್ಲೇ ಶಾಲೆಗೂ ಸೇರಿಸುವ."

"ಗೋಡೆ ಹಾಳಾದದ್ದಕ್ಕೆ ಮಗು ಮನೆ ಬಿಡುವುದಾ?"

"ಮತ್ತೆಂತ ಮಾಡುವುದು? ಗೋಡೆಯನ್ನು ಕಾರ್ಕಳಕ್ಕೆ ಕಳಿಸ್ಲಿಕ್ಕೆ ಆಗ್ತದಾ?"

ಮಗು ಕಾರ್ಕಳಕ್ಕೆ ಹೋಯಿತು. ಸೊಸೆಗೆ ಉಡುಪಿಯಲ್ಲಿ ಅಂಗಡಿ ಕೆಲಸ. ರಜೆಯ ದಿನ ಹೋಗಿ ನೋಡಿ ಬರುತ್ತಿದ್ದಳು. ಅಲ್ಲಿ ಕೆಮ್ಮು ಕಡಿಮೆಯಾಗಿದೆ ಎಂದಾಗ ನನಗೆ ಸಮಾಧಾನವೂ ಆಯಿತು, ಗೋಡೆಯ ಮೇಲೆ ಸಿಟ್ಟೂ ಬಂತು. ಈ ಗೋಡೆಯನ್ನು ನಾನು ಬಿಡುವುದಿಲ್ಲ ಎಂದುಕೊಂಡೆ.

ಮಳೆ ನಿಂತಿತು. ಚಪ್ಪಲಿ ಒಣಗಿತು, ಬೆಲ್ಟು ಒಣಗಿತು. ದಿನಾ ಎದ್ದು ಗೋಡೆಗೆ ಅಂಗೈ ಇಟ್ಟು ನೋಡುತ್ತಿದ್ದೆ. ದೀಪಾವಳಿ ಕಳೆದು ಒಳ್ಳೆ ಬಿಸಿಲು ಬಂದರೂ ಅದು ತಣ್ಣಗೆ, ಒದ್ದೆ.

"ಇದು ಮಳೆಯ ನೀರಲ್ಲ," ಎಂದೆ ಗಂಡನಿಗೆ. "ಆಚೆ ಬದಿ ಬಚ್ಚಲು ಉಂಟಲ್ಲ, ಅಲ್ಲಿ ಪೈಪು ಸೋರುತ್ತಿರಬೇಕು."

"ನಿನಗೆ ಗೋಡೆಯ ಹುಚ್ಚು ಮಾರಾಯ್ತಿ. ಒಂದು ಕೋಟು ಬಣ್ಣ..."

"ಬಣ್ಣದ ಮಾತೆತ್ತಿದರೆ ನಿಮಗೆ ಇವತ್ತು ಚಾ ಇಲ್ಲ."

ಮಗ ಪ್ಲಂಬರನ್ನು ಕರೆಸಿದ. ಬಚ್ಚಲಿನ ಟೈಲ್ಸ್ ಒಡೆದು ನೋಡಿದರೆ ಪೈಪು ಜೋಡಿಸಿದಲ್ಲಿ ನೀರು ಜಿನುಗುತ್ತಿತ್ತು. ಪೈಪು ಬದಲಾಯಿಸಿ, ಬೂಷ್ಟು ಹಿಡಿದ ಗಾರೆಯನ್ನು ಹುಡಿ ಹಾರದಂತೆ ಒದ್ದೆ ಮಾಡಿ ಕೆತ್ತಿಸಿದೆವು. ಎಲ್ಲರ ಮೂಗಿಗೂ ಮಾಸ್ಕು. ಮಗುವಿನ ಹಳೆಯ ಹಾಸಿಗೆಯನ್ನು ಎಸೆದೆವು. ಆಮೇಲೆ ನನ್ನ ಹಟ ಒಂದೇ: ಗೋಡೆ ಪೂರ್ತಿ ಒಣಗುವ ತನಕ ಗಾರೆಯೂ ಇಲ್ಲ, ಬಣ್ಣವೂ ಇಲ್ಲ.

ಗಾರೆ ಕಳಚಿದ ಗೋಡೆಯ ಕೆಂಪು ಮುರಕಲ್ಲು ಹಲ್ಲು ಕಿರಿದುಕೊಂಡು ನಿಂತಿತ್ತು. ಕಾಪುವಿನಿಂದ ಬಂದ ನನ್ನ ತಂಗಿ ನೋಡಿ ನಕ್ಕಳು. "ಎಂತ ಅಕ್ಕ, ಮನೆ ಮಾರ್ಲಿಕ್ಕೆ ಉಂಟಾ?"

"ಮಾರ್ಲಿಕ್ಕಲ್ಲ, ಮಗುವನ್ನು ತರ್ಲಿಕ್ಕೆ."

ಕಿಟಕಿ ತೆರೆದೇ ಇಟ್ಟೆ. ಸೊಳ್ಳೆ ಬಂತು, ಬಲೆ ಹೊಡೆಸಿದೆ. ಬೇಸಗೆಯ ಕೊನೆಗೆ ಗೋಡೆ ಅಂಗೈಗೆ ಬೆಚ್ಚಗೆ ತಾಗಿತು. ಗಾರೆ ಹಾಕಿಸಿದ್ದು ಆಮೇಲೆ.

ಸೊಸೆ ಮಗುವನ್ನು ಕರೆತಂದಳು. ಆದರೆ ಹೊಸಿಲಲ್ಲೇ ಹೇಳಿದಳು: "ಆಟಿ ಕಳೆಯಲಿ ಮಾಮಿ. ಕೆಮ್ಮಿದರೆ ಮತ್ತೆ ಕಾರ್ಕಳಕ್ಕೇ." ಆಟಿ ಇಡೀ ನನ್ನ ಕಿವಿ ಆ ಕೋಣೆಯಲ್ಲೇ ಇತ್ತು. ಕೆಮ್ಮು ಬರಲಿಲ್ಲ! ಔಷಧಿಯನ್ನು ಮಾತ್ರ ಡಾಕ್ಟ್ರಮ್ಮ ಹೇಳದೆ ನಿಲ್ಲಿಸುವವರಲ್ಲ ನಾವು.

ಇವತ್ತು ಸಂಜೆ ಕಾರ್ಕಳದ ಬೀಗಿತಿಯೂ ಬಂದರು. ನನ್ನ ಗಂಡ ಕಾಪುವಿಗೆ ಹೋಗಿ ತಾಜಾ ಬಂಗುಡೆ ಮೀನು ತಂದರು, ನಾನು ತೆಂಗಿನಕಾಯಿ ಅರೆದು ಖಾರವಾಗಿ ಗಸಿ ಮಾಡಿದೆ. ಮಗ, ಸೊಸೆ, ಎಲ್ಲರೂ ಸಾಲಾಗಿ ನೆಲದಲ್ಲಿ ಕೂತೆವು. ಮಗು ಇಬ್ಬರು ಅಜ್ಜಿಯರ ನಡುವೆ ಕೂತು, ಮೀನಿನ ಮುಳ್ಳು ತೆಗೆದು ಕೊಡಲು ಬೀಗಿತಿಯ ಕಡೆಗೆ ಬಟ್ಟಲು ಸರಿಸಿತು.

ಬೀಗಿತಿ ಬಟ್ಟಲನ್ನು ನನ್ನ ಕಡೆಗೆ ನೂಕಿದರು. "ಇಷ್ಟು ದಿನ ನಾನು ತೆಗೆದೆ. ಇನ್ನು ನೀವು ತೆಗೆಯಿರಿ."

ತೆಗೆದೆ. ಕುಚ್ಚಲಕ್ಕಿ ಅನ್ನದೊಟ್ಟಿಗೆ ಕಲಸಿ ಕೊಟ್ಟೆ. ಮಗು ಎರಡನೇ ಸಲ ಬಡಿಸಿಕೊಂಡು ತಿಂದಿತು.