ಬ್ಯಾಟ್ ಬಿಟ್ಟು ಓಡು

ಜರ್ಮನಿ ಐಟಿಯವರಿಗೆಂದು ಕೊಡುತ್ತಿದ್ದ ಗ್ರೀನ್ ಕಾರ್ಡ್ ಹಿಡಿದು ಕಲೋನ್‌ಗೆ ಬಂದ ವರ್ಷ, ನಮ್ಮ ಎದುರು ಮನೆಯಲ್ಲಿ ಸಂಬಳಕ್ಕೆ ಬೇಸ್‌ಬಾಲ್ ಆಡುವ ಅಮೆರಿಕನ್ನನೊಬ್ಬ ಇದ್ದ. ನಿಂತಲ್ಲಿ ನಿಲ್ಲುವ ಆಸಾಮಿಯಲ್ಲ. ಮೆಟ್ಟಿಲ ಮೇಲೆ ಮಾತಾಡುವಾಗಲೂ ಬರಿಗೈಯಲ್ಲಿ ಇಲ್ಲದ ಬ್ಯಾಟ್ ಬೀಸುತ್ತಿದ್ದ. "ಇದೊಂದು ವರ್ಷ ಅಷ್ಟೆ, ಊರಿನ ತಂಡ ಕರೆಯುತ್ತೆ" ಎನ್ನುತ್ತಿದ್ದ.

ಒಂದು ಭಾನುವಾರ ನಮ್ಮನ್ನೂ ಆಡಿಸಿದ. ಹುಬ್ಬಳ್ಳಿಯ ನನ್ನ ರೂಮ್‌ಮೇಟ್ ಚೆಂಡು ಹೊಡೆದವನೇ ಕ್ರಿಕೆಟ್ಟಿನಂತೆ ಬ್ಯಾಟ್ ಹಿಡಿದೇ ಓಡಿದ.

"ಬ್ಯಾಟ್ ಬಿಟ್ಟು ಓಡು!" ಅಮೆರಿಕನ್ನ ಕೂಗಿದ.

"ಹೆಂಗ ಬಿಡ್ಲೋ ಮಗಾ, ಕೈ ಕೇಳವಲ್ದು!" ಎಂದು ರೂಮ್‌ಮೇಟ್ ನನ್ನತ್ತ ಅರಚಿದ.

ಸೀಸನ್ ಮುಗಿಯಿತು. ಊರಿನಿಂದ ಕರೆ ಬರಲಿಲ್ಲ. ಇಲ್ಲಿಯ ಕ್ಲಬ್ಬೂ ಸಾಕೆಂದಿತು. ಇಟಲಿಯಲ್ಲಿ ಯಾವುದೋ ತಂಡವಂತೆ. ರೈಲು ಹತ್ತಿಸಲು ನಾವಿಬ್ಬರೂ ಬಾನ್‌ಹೋಫ್‌ಗೆ ಹೋದೆವು. "ಇದೊಂದು ವರ್ಷ ಅಷ್ಟೆ" ಎಂದ. ಎರಡೂ ಸೂಟ್‌ಕೇಸ್ ಹೊರಲು ನಮ್ಮ ಕೈಗೆ ಕೊಟ್ಟ. ಬ್ಯಾಟ್ ಮಾತ್ರ ಕೊಡಲಿಲ್ಲ.