ಐಸು ದಾಟಿದ ಗೆರೆ

ಗುತ್ತೆಪ್ಪನ ಅನುಮಾನಕ್ಕೆ ಮದ್ದಿರಲಿಲ್ಲ. ಹಾಲಿನವಳು ಅಳೆದು ಕೊಟ್ಟ ಹಾಲಿಗೆ ಬೆರಳದ್ದಿ ನೋಡುವವನು, ಹೆಂಡತಿ ಕೊಟ್ರವ್ವ ತವರಿಗೆ ಹೋಗಿಬಂದರೆ ಬಸ್ಸಿನ ಟಿಕೇಟು ಕೇಳುವವನು. ದಾವಣಗೆರೆಯ ಐಸ್ ಫ್ಯಾಕ್ಟರಿ ಮಾಲೀಕರಿಗೆ ಇಂಥವನೇ ಬೇಕಾಗಿತ್ತು. ಗೋದಾಮಿಗೆ ಎರಡು ಬೀಗದ ಕೈ. ಒಂದು ಗುತ್ತೆಪ್ಪನ ಹತ್ತಿರ, ಇನ್ನೊಂದು ಹನ್ನೊಂದು ವರ್ಷದಿಂದ ಅವನ ಜೊತೆ ಐಸ್ ಎಳೆಯುತ್ತಿದ್ದ ಹಯಾತ್ ಸಾಬನ ಹತ್ತಿರ.

ಅರವತ್ತೊಂದರ ಬೇಸಿಗೆ. ಮದುವೆಗಳಿಗೆಂದು ತೆಗೆದಿಟ್ಟ ಐಸ್‌ಗಡ್ಡೆಗಳನ್ನು ಎದೆಮಟ್ಟ ಒಟ್ಟಿ, ಮರದ ಹೊಟ್ಟು ಮುಚ್ಚಿದ್ದರು. ಕರಗಿದ ನೀರು ಮೋರಿಗೆ ಹೋಗಲೆಂದು ನೆಲ ತುಸು ಇಳಿಜಾರು. ಒಂದು ಬೆಳಿಗ್ಗೆ ಗುತ್ತೆಪ್ಪನಿಗೆ ಐಸಿನ ಒಟ್ಟಿಲು ಸರಿದಂತೆ ಕಂಡಿತು. ಮೊಳೆಯಿಂದ ಅದರ ಬುಡಕ್ಕೆ ಗೆರೆ ಗೀರಿದ. ಮರುದಿನ ಐಸು ಗೆರೆ ದಾಟಿ ನಾಲ್ಕು ಬೆರಳು ಮುಂದಿತ್ತು. ರಾತ್ರಿ ಯಾರೋ ಒಟ್ಟಿಲು ಕೆದಕಿ ಐಸು ಕದ್ದಿದ್ದಾರೆ ಎಂದುಕೊಂಡ. ಗಡ್ಡೆಗಳು ಕರಗಿ ಸೊರಗಿದ್ದವು, ಅದೂ ಕಳ್ಳನ ಲೆಕ್ಕಕ್ಕೇ ಹೋಯಿತು.

"ಸಾಬ್ರೆ, ಗಡ್ಡೆ ಮುಟ್ಟಿದ್ರೇನ್ರಿ?"

"ಇಲ್ಲಪ್ಪ, ನಾನ್ಯಾಕ ಮುಟ್ಲಿ?" ಎನ್ನುತ್ತ ಹಯಾತ್ ಸಾಬ್ ಹೆಗಲ ಮೇಲಿನ ಗೋಣಿ ಸರಿಮಾಡಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಮ್ಮ ಗುತ್ತೆಪ್ಪನಿಗೆ ಅಷ್ಟೇ ಸಾಕಾಯಿತು. ಮಾಲೀಕರ ಕಿವಿಗೆ ಹಾಕಿದ. ಹಯಾತ್ ಸಾಬನ ಕೆಲಸ ಅಂದೇ ಹೋಯಿತು. ಆಮೇಲೆ ಗುತ್ತೆಪ್ಪ ಗೆರೆಯ ಕಡೆ ತಿರುಗಿಯೂ ನೋಡಲಿಲ್ಲ. ಕಳ್ಳ ಸಿಕ್ಕ ಮೇಲೆ ಗೆರೆ ಯಾಕೆ ಬೇಕು?

ಎಂಟು ದಿನದ ಮೇಲೆ ಮದುವೆಯ ಶರಬತ್ತಿಗೆಂದು ಹರಿಹರಕ್ಕೆ ಐಸ್ ಒಯ್ದ. ಮದುವೆ ಮನೆಯ ಯಜಮಾನ ವಾಮದೇವಪ್ಪ ಹೈಸ್ಕೂಲಿನ ಭೂಗೋಳದ ಮೇಷ್ಟ್ರು. ಐಸು ಕಂಡದ್ದೇ ತಡ, ಪಾಠ ಶುರುವಾಯಿತು.

"ಹಿಮಾಲಯದಾಗೆ ಇಂಥದ್ದು ಮೈಲಿಗಟ್ಲೆ ಐತೆ ಗುತ್ತೆಪ್ಪ. ಹಿಮ ಬಿದ್ದು ಬಿದ್ದು, ವರ್ಷಾನುಗಟ್ಲೆ ಒತ್ತಿ ಗಟ್ಟಿಯಾಗಿ, ತನ್ನ ಭಾರಕ್ಕೆ ತಾನೇ ಇಳಿಜಾರಿಗೆ ಸರೀತೈತೆ. ನಾವು ಹಿಮನದಿ ಅಂತೀವಿ, ಇಂಗ್ಲಿಷ್ನೋರು ಗ್ಲೇಸಿಯರ್ ಅಂತಾರೆ. ಆ ಮಾತೂ ಅವರದ್ದಲ್ಲ, ಫ್ರೆಂಚರಿಂದ ತಂದದ್ದು. ಬೇರು ಲ್ಯಾಟಿನ್ನಿನ ಗ್ಲೇಸಿಯೆಸ್. ಅಂದ್ರೆ ಬರೇ ಐಸು."

"ಹುಡುಗಾಟ ಬ್ಯಾಡ್ರಿ ಮೇಷ್ಟ್ರೆ. ಐಸಿಗೆ ಕಾಲು ಐತೇನ್ರಿ? ನೋಡಿದೋರು ಯಾರು?"

"ಹಿಮನದಿ ಇರೋ ದೇಶದೋರಿಗೂ ನಿನ್ನಂಗೇ ಅನುಮಾನ ಇತ್ತು. ಐಸಿನ ಮ್ಯಾಲೆ ಸಾಲಾಗಿ ಗೂಟ ನೆಟ್ಟು ಹೋದ್ರು. ಮತ್ತೆ ಬಂದು ನೋಡಿದ್ರೆ ಗೂಟ ಮುಂದಕ್ಕೆ ಸರಿದಿದ್ವು. ಬುಡದಾಗೆ ನೀರಿದ್ರಂತೂ ಜಾರೋದು ಇನ್ನೂ ಸಲೀಸು."

ಗುತ್ತೆಪ್ಪ ಶರಬತ್ತಿನ ಲೋಟ ಅಲ್ಲೇ ಇಟ್ಟು ಎದ್ದ. ಸಂಜೆ ದಾವಣಗೆರೆಗೆ ಬಂದವನೇ ಹೊಸ ಗೆರೆ ಗೀರಿ ಬೀಗ ಜಡಿದ. ಈಗ ಎರಡೂ ಬೀಗದ ಕೈ ಅವನ ಸೊಂಟದಲ್ಲೇ ಇದ್ದವು. ಬೆಳಿಗ್ಗೆ ಐಸು ಮತ್ತೆ ಗೆರೆ ದಾಟಿತ್ತು. ಅಯ್ಯೋ ಪಾಪಿ, ಅನ್ನ ತಿನ್ನುವವರ ಬಾಯಿಗೆ ಮಣ್ಣು ಹಾಕಿದೆಯಲ್ಲೋ ಎಂದು ತನ್ನನ್ನೇ ಬೈದುಕೊಂಡ.

ಹಯಾತ್ ಸಾಬನ ಮನೆಯಲ್ಲಿ ಹಜೀರಾಬೀ ಬೀಡಿ ಕಟ್ಟುತ್ತಿದ್ದಳು, ಗಂಡ ಎಲೆ ಕತ್ತರಿಸಿ ಕೊಡುತ್ತಿದ್ದ. ಗುತ್ತೆಪ್ಪ ನಿಂತಲ್ಲೇ ಹಿಮಾಲಯ, ಗೂಟ, ಗೆರೆ ಎಲ್ಲ ಒಪ್ಪಿಸಿದ.

"ತಪ್ಪು ನಂದೇ ಅಂತ ಮಾಲೀಕ್ರಿಗೆ ಹೇಳ್ತೀನಿ. ಕೆಲ್ಸಕ್ಕೆ ಬರ್ರಿ."

"ಬರ್ತೀನಿ, ಹೊಟ್ಟೆ ಐತಲ್ಲ," ಎಂದ ಹಯಾತ್ ಸಾಬ್. "ಆದ್ರೆ ಗುತ್ತೆಪ್ಪ, ಮುಟ್ಟಿಲ್ಲ ಅಂತ ನಾನು ಹೇಳಿದ್ರೆ ನಂಬ್ಲಿಲ್ಲ ನೀನು. ಕಾಣದ ದೇಶದ ಗೂಟ ಹೇಳಿದ್ದಕ್ಕೆ ನಂಬಿದಿ."

ಆಮೇಲೆ ಆರು ವರ್ಷ ಇಬ್ಬರೂ ಜೊತೆಯಲ್ಲೇ ಐಸ್ ಎಳೆದರು. ಹಯಾತ್ ಸಾಬ್ ಒಂದು ದಿನವೂ ಜಗಳ ತೆಗೆಯಲಿಲ್ಲ. ಗುತ್ತೆಪ್ಪನ ಮನೆಯ ಹೊಸ್ತಿಲನ್ನೂ ಮತ್ತೆ ತುಳಿಯಲಿಲ್ಲ.